ಚಿತ್ರಗಳ ಹಿಂದಿನ ಮನೆ

ನಮ್ಮ ಮಾಕವಳ್ಳಿ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡದೆ ಬರುವುದಿಲ್ಲ. ನೋಡುವುದು ಮಾತ್ರ ಚಿತ್ರಗಳನ್ನು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನ, ಪಲ್ಲಕ್ಕಿಯೊಳಗೆ ಇಂಗ್ಲಿಷರ ಕರ್ನಲ್ ಬೇಯ್ಲಿ, ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ. ನೋಡಬೇಕಾದದ್ದೇ. ಆದರೆ ಇದು ಟಿಪ್ಪು ಬೇಸಗೆ ಕಳೆಯಲು ಇಟ್ಟುಕೊಂಡಿದ್ದ ಮನೆ ಎನ್ನುವುದು ಆ ಯುದ್ಧದ ಗದ್ದಲದಲ್ಲಿ ಮರೆತೇ ಹೋಗುತ್ತದೆ. ನನ್ನ ಮೋಹವೆಲ್ಲ ಆ ಮನೆಯ ಮೇಲೆ.

ಕಟ್ಟಿ ಮುಗಿದದ್ದು 1784ರಲ್ಲಿ. ಕೋಟೆಯ ಹೊರಗೆ, ಕಾವೇರಿಯ ಮಗ್ಗುಲಿನ ತೋಟದಲ್ಲಿ. ಎತ್ತರದ ಜಗಲಿ, ಅದರ ಮೇಲೆ ಬಹುಪಾಲು ತೇಗದ ಕೆಲಸ. ಜಗಲಿಯ ಅಂಚಿಗೆ ಸುತ್ತಲೂ ಮರದ ಕಂಬಗಳು, ಅವುಗಳ ಹಿಂದೆ ಅಗಲವಾದ ಮೊಗಸಾಲೆ. ಪೂರ್ವ ಪಶ್ಚಿಮಗಳಿಗೆ ಗೋಡೆ; ಉತ್ತರ ದಕ್ಷಿಣಗಳಲ್ಲಿ ಒಳಸರಿದ ಅಂಕಣಗಳು, ಅಲ್ಲಿ ಸೂರಿನ ಭಾರ ಕಂಬಗಳದ್ದೇ. ಬೆಳಗಿನ, ಸಂಜೆಯ ಓರೆ ಬಿಸಿಲು ಬೀಳುವ ಕಡೆಗೇ ಗೋಡೆ ಇರುವುದನ್ನು ಕಂಡಾಗ ಕಟ್ಟಿದವರ ಬಗ್ಗೆ ಗೌರವ ಹುಟ್ಟುತ್ತದೆ.

ಮೆಟ್ಟಿಲುಗಳನ್ನಂತೂ ಹುಡುಕಬೇಕು. ನಾಲ್ಕು ಅಡ್ಡಗೋಡೆಗಳ ಒಳಗೆ ನಾಲ್ಕು ಮೆಟ್ಟಿಲು ಹುದುಗಿಸಿದ್ದಾರೆ. ಅದೇ ಗೋಡೆಗಳಿಂದ ಮೂಲೆಗೊಂದು ಕೋಣೆ, ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಹಾಯುವ ಹಜಾರ. ಹಜಾರದ ಒಂದಡಿ ಜಾಗವನ್ನೂ ಮೆಟ್ಟಿಲು ತಿಂದಿಲ್ಲ.

ನಮ್ಮ ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ತೊಟ್ಟಿ ಮನೆ ಇದಕ್ಕೆ ತದ್ವಿರುದ್ಧ. ಹೊರಗೆ ಬರಿ ಗೋಡೆ. ಗಾಳಿ, ಬೆಳಕು, ಮಳೆ ಎಲ್ಲವೂ ಬರುವುದು ನಡುವಿನ ತೊಟ್ಟಿಗೆ. ಕಂಬಗಳೂ ತೊಟ್ಟಿಯ ಸುತ್ತಲೇ. ದವಸ, ದನ, ಮಕ್ಕಳು ಮರಿ ಎಲ್ಲವನ್ನೂ ಒಂದೇ ಬಾಗಿಲಿನೊಳಗೆ ಕಾಯಬೇಕಾದ ರೈತ ಮನೆಯನ್ನು ಒಳಮುಖವಾಗಿ ಕಟ್ಟಿದ. ಕಾವಲಿಗೆ ಕೋಟೆಯೇ ಇದ್ದ ಸುಲ್ತಾನ ಕಂಬಗಳನ್ನು ತೋಟದತ್ತ ತಿರುಗಿಸಿ ನಿಲ್ಲಿಸಿದ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೋಟೆಯೊಳಗಿನ ಅರಮನೆ ಉಳಿಯಲಿಲ್ಲ. ಈ ಮನೆಗೆ ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಬಂದು ನೆಲೆಸಿದ, ಚಿತ್ರಗಳನ್ನು ಸರಿಪಡಿಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಅವನ್ನು ಮತ್ತೊಮ್ಮೆ ಬರೆಸಲಾಯಿತು. ಜನ ವಾಸವಿದ್ದದ್ದರಿಂದಲೇ ಈ ಮನೆ ಉಳಿಯಿತೆಂದು ನಾನು ನಂಬಿದ್ದೇನೆ.

ಈಗ ಬಣ್ಣ ಕಾಯಲು ಸುತ್ತಲೂ ಪರದೆ ಇಳಿಬಿಟ್ಟಿದ್ದಾರೆ. ಅದು ಬೇಕೇ ಬೇಕು. ಆದರೆ ಅದರಿಂದಾಗಿ ತೋಟದಲ್ಲಿ ನಿಂತರೆ ಮನೆಯ ಮುಖ ಕಾಣುವುದಿಲ್ಲ. ಜಗಲಿ ಹತ್ತಿ, ಮೊದಲ ಸುತ್ತಿನಲ್ಲಿ ಚಿತ್ರಗಳಿಗೆ ಬೆನ್ನು ಹಾಕಿಯೇ ನಡೆಯಿರಿ. ಕಂಬದಿಂದ ಕಂಬಕ್ಕೆ ಹಾಯುವ ಮರದ ಕಮಾನುಗಳ ಬಳುಕು ಆಗ ಕಣ್ಣಿಗೆ ಬೀಳುತ್ತದೆ. ಕದನವನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.