ಪೋಟಗಿಯ ಬಾಕಿ, ಜೇಲಿನ ಕೀಲಿ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟದ ಕಡೆ ‘ಜೀವನಾಂಶ’ ಪತ್ರಿಕೆಯ ಶಬ್ದ. ಆಡುಮಾತಿನಲ್ಲಿ ಅದು ಪೋಟಗಿ. ಮರಾಠಿಯ ‘ಪೋಟ್’ ಅಂದರೆ ಹೊಟ್ಟೆ. ಹೊಟ್ಟೆಗೆಂದು ಕೊಡುವುದು ಪೋಟಗಿ. ನಮ್ಮ ಪುಸ್ತಕದ ಶಬ್ದಕ್ಕಿಂತ ಇದೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ‘ಅಂಶ’ ಅಂದಕೂಡಲೆ ಪಾಲು, ಆಸ್ತಿ, ಕಾಗದಪತ್ರ ನೆನಪಾಗುತ್ತವೆ. ಪೋಟಗಿ ಅಂದರೆ ಇವತ್ತಿನ ಜೋಳದ ರೊಟ್ಟಿ. ಅದನ್ನು ಬಾಕಿ ಉಳಿಸಿಕೊಂಡ ಗಂಡನನ್ನು ಜೇಲಿಗೆ ಕಳಿಸುವ ಕಾನೂನು ನಮ್ಮಲ್ಲಿದೆ. ಅದು ಎಷ್ಟು ರೊಟ್ಟಿ ತಂದುಕೊಡುತ್ತದೆ ಅನ್ನುವುದೇ ಅದರ ಬೆಲೆ ಕಟ್ಟುವ ಸರಿಯಾದ ಮಾಪು.

ಕಾನೂನೇನೋ ಹಳೆಯದು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಕಲಂ 488, 1973ರದ್ದರಲ್ಲಿ 125, ಈಗ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ನಂಬರು ಬದಲಾಯಿತು, ಯಂತ್ರ ಅದೇ. ತಕ್ಕ ಕಾರಣವಿಲ್ಲದೆ ಹಣ ಕಟ್ಟದಿದ್ದರೆ ಮೊದಲು ದಂಡ ವಸೂಲಿಯ ರೀತಿಯಲ್ಲಿ ವಾರಂಟು. ಅದಕ್ಕೂ ಬರದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳ ತನಕ ಸೆರೆ, ನಡುವೆ ಹಣ ಕಟ್ಟಿದರೆ ಬಿಡುಗಡೆ. ಅರ್ಜಿ ಮಾತ್ರ ಬಾಕಿ ಬಿದ್ದ ಒಂದು ವರ್ಷದೊಳಗೆ ಬರಬೇಕು. ಹನ್ನೆರಡು ತಿಂಗಳ ಬಾಕಿಗೆ ಹನ್ನೆರಡು ತಿಂಗಳೋ, ಒಂದೇ ತಿಂಗಳೋ? 1999ರ ಶಹದಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದೇ ತಿಂಗಳು ಅಂದಿತು. ಹೈಕೋರ್ಟುಗಳು ಅದನ್ನು ಒಂದೊಂದು ರೀತಿ ಓದಿಕೊಂಡು ಇಂದಿಗೂ ಜಗ್ಗಾಡುತ್ತಿವೆ.

ಇನ್ನೊಂದು ವಿಷಯದಲ್ಲಿ ಜಗ್ಗಾಟವಿಲ್ಲ. ಜೇಲಿಗೆ ಹೋಗಿಬಂದರೆ ಬಾಕಿ ತೀರಿತು ಎಂಬ ನಂಬಿಕೆ ಗಂಡಸರಲ್ಲಿ ಗಟ್ಟಿಯಾಗಿದೆ. ‘ಕುಂತು ಬರ್ತೀನಿ, ರೊಕ್ಕ ಕೊಡಂಗಿಲ್ಲ’ ಅನ್ನುವ ಜಂಬ ಅದರ ಮೇಲೆ ನಿಂತಿದೆ. ಕುಲದೀಪ ಕೌರ್ ಪ್ರಕರಣದಲ್ಲಿ (1989) ಸುಪ್ರೀಂ ಕೋರ್ಟು ಆ ಜಂಬದ ಬೇರಿಗೇ ಕೊಡಲಿ ಹಾಕಿತು: ಸೆರೆ ವಸೂಲಿಯ ದಾರಿ, ಸಾಲ ಚುಕ್ತಾ ಮಾಡಿದ ಪಾವತಿ ಅಲ್ಲ. ತೀರ್ಪು ನ್ಯಾಯವಾದದ್ದು. ಆದರೆ ಅದರಿಂದ ಒಂದು ವಿಚಿತ್ರವೂ ಹುಟ್ಟಿತು. ಕೂಲಿಯವನು ಒಳಗಿದ್ದ ಆ ತಿಂಗಳಿನ ಪೋಟಗಿಯೂ ಬಾಕಿಗೇ ಸೇರುತ್ತದೆ, ಅದನ್ನು ತೀರಿಸಬೇಕಾದ ದುಡಿಮೆ ಮಾತ್ರ ಒಳಗೇ ಉಳಿಯುತ್ತದೆ.

ಹಾಗಿದ್ದರೆ ಜೇಲು ಯಾರ ಮೇಲೆ ಕೆಲಸ ಮಾಡುತ್ತದೆ? ಹಣ ಇಟ್ಟುಕೊಂಡು ಇಲ್ಲ ಅನ್ನುವವನ ಮೇಲೆ. ಅಂಥವನು ಪಕಡ ವಾರಂಟು ಬಂದ ದಿನವೇ ಮೆತ್ತಗಾಗುತ್ತಾನೆ. ಜೇಲಿನ ಬಾಗಿಲಿನ ತನಕ ಹೋಗುವುದೇ ಬೇಡ, ಕೋರ್ಟಿನ ಅಂಗಳದಲ್ಲೇ ಅಣ್ಣನೋ ಸೋದರಮಾವನೋ ನೋಟು ಎಣಿಸುತ್ತಾನೆ. ಈ ನೋಟಕ್ಕೆ ಗೆದ್ದೆವು ಅಂದುಕೊಳ್ಳುವ ಮೊದಲು ಆ ನೋಟುಗಳು ಎಲ್ಲಿಂದ ಬಂದವೆಂದೂ ಕೇಳಬೇಕು. ಅಣ್ಣನ ಹೆಂಡತಿಯ ಕೊರಳಿನ ಬಂಗಾರ ಗಿರವಿಗೆ ಹೋಗಿ ತಮ್ಮನ ಹೆಂಡತಿಯ ಪೋಟಗಿ ಆಗಿದ್ದರೆ ಕಾನೂನಿನ ಲೆಕ್ಕಕ್ಕೆ ಅದು ಬರುವುದಿಲ್ಲ.

ಜೇಲಿಗಿಂತ ಪಗಾರ ಜಪ್ತಿ ಒಳ್ಳೆಯದು ಅನ್ನುವವರಿದ್ದಾರೆ. ಸರಕಾರಿ ನೌಕರನಿಗೆ ಸರಿ. ಸೊಲ್ಲಾಪುರದ ಚಾದರ, ಟವೆಲ್ಲಿನ ಪವರ್‌ಲೂಮುಗಳಲ್ಲಿ ವಾರದ ಕೂಲಿ ಕೈಗೆ ಬರುವವನದು ಯಾವ ಪಗಾರ ಹಿಡಿಯುತ್ತೀರಿ? ಮೈಂದರ್ಗಿ, ದುಧನಿ ಕಡೆ ತೊಗರಿ ಬೆಳೆಯುವವನದು ಇನ್ನೊಂದು ಆಟ: ಹೊಲ ಉತ್ತುವವನು ಇವನು, ಸಾತಬಾರಾ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಅಪ್ಪನದು. ಈ ಆಟ ದಿಲ್ಲಿಗೂ ಗೊತ್ತಿದೆ. ನಾಗಪುರದಿಂದ ಹೊರಟ ರಜನೀಶ್–ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಕೊಡಲೇಬೇಕು ಅಂದಿತು. ನಗರದವರಿಗೆ ಒಂದು ನಮೂನೆ, ಬೇಸಾಯಗಾರರಿಗೆ ಬೇರೆ ನಮೂನೆ. ಅರ್ಜಿ ಹಾಕಿದ ದಿನದಿಂದಲೇ ಪೋಟಗಿ ಲೆಕ್ಕವಾಗಬೇಕು ಅಂದದ್ದೂ ಅದೇ ತೀರ್ಪು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಬಂದ ಅತ್ಯುತ್ತಮ ಕೆಲಸ ಅದು. ಕಟ್ಟಲಾರದವನನ್ನೂ ಕಟ್ಟಲೊಲ್ಲದವನನ್ನೂ ಬೇರೆ ಮಾಡುವ ಜರಡಿ ಆ ಪ್ರಮಾಣಪತ್ರ. ಅದನ್ನು ಓದಿ ಎದುರುಪ್ರಶ್ನೆ ಹಾಕದೆ ಸೆರೆಗೆ ಸಹಿ ಮಾಡಿದರೆ ಜರಡಿ ಗೋಡೆಗೆ ನೇತುಹಾಕಿ ಕಾಳು ಕೈಯಿಂದ ಆರಿಸಿದ ಹಾಗೆ.

ಗಡಿಯ ತೊಡಕು ಇದಕ್ಕೂ ದೊಡ್ಡದು. 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟವನ್ನು ಕರ್ನಾಟಕಕ್ಕೆ ಕೊಡಿ ಅಂದಿತ್ತು, ಕೊಡಲಿಲ್ಲ, ಇರಲಿ. ಮದುವೆಗಳಂತೂ ಆ ಗೆರೆ ನೋಡಿ ಆಗುವುದಿಲ್ಲ. ಇಲ್ಲಿಯ ಹುಡುಗಿ ಆಳಂದಕ್ಕೋ ಅಫಜಲಪುರಕ್ಕೋ ಇಂಡಿಗೋ ಹೋಗುತ್ತಾಳೆ, ಸಂಸಾರ ಮುರಿದರೆ ತವರಿಗೆ ಬರುತ್ತಾಳೆ. ತಾನಿರುವ ಊರಲ್ಲೇ ಅರ್ಜಿ ಹಾಕುವ ಹಕ್ಕು ಅವಳಿಗಿದೆ. ಹಾಕುತ್ತಾಳೆ. ಅವಳ ಕನ್ನಡದ ಗೋಳು ವಕೀಲರ ಕೈಯಲ್ಲಿ ಮರಾಠಿಯಾಗುತ್ತದೆ, ಆದೇಶವೂ ಮರಾಠಿಯಲ್ಲಿ ಬರುತ್ತದೆ. ಗಂಡ ಇರುವ ಊರಿನ ಮ್ಯಾಜಿಸ್ಟ್ರೇಟರು ಅದನ್ನು ಜಾರಿ ಮಾಡಬಹುದು ಎಂದು ಕಾನೂನು ಉದಾರವಾಗಿ ಹೇಳುತ್ತದೆ. ಅದಕ್ಕಾಗಿ ಆ ಮರಾಠಿ ಕಾಗದ ಆಳಂದದ ಕೋರ್ಟಿಗೆ ಹೋಗಿ ಮತ್ತೆ ಕನ್ನಡವಾಗಬೇಕು. ಆದೇಶದ ಪ್ರತಿ ಪುಕ್ಕಟೆ, ಭಾಷಾಂತರ ಪುಕ್ಕಟೆಯಲ್ಲ. ಹೊರಡುವಾಗಲೇ ಕನ್ನಡವಾಗಿದ್ದ ಮಾತು ಎರಡು ಸಲ ವೇಷ ಬದಲಿಸಿ ಕನ್ನಡಕ್ಕೆ ತಿರುಗುವಷ್ಟರಲ್ಲಿ ಒಂದು ವರ್ಷದ ಗಡುವು ತಲೆಯ ಮೇಲೆ ಕೂತಿರುತ್ತದೆ.

‘ಬಾ ಮನಿಗೆ, ನಾ ಸಾಕ್ತೀನಿ’ ಅನ್ನುವ ಗಂಡನದೂ ಒಂದು ಪಾತ್ರವಿದೆ. ಕಾನೂನು ಆ ಕರೆಯನ್ನು ಕೇಳಿಸಿಕೊಳ್ಳುತ್ತದೆ; ಅವನು ಇನ್ನೊಂದು ಮದುವೆಯಾಗಿದ್ದರೆ ಹೋಗದಿರಲು ಅದೇ ಸಾಕಾದ ಕಾರಣವೆಂದೂ ಹೇಳುತ್ತದೆ. ಹೆಂಡತಿ ಮರಳಿ ಬರಲೆಂಬ ಡಿಕ್ರಿ ಅವನ ಕೈಯಲ್ಲಿದ್ದರೂ ಅಷ್ಟರಿಂದಲೇ ಅವಳ ಪೋಟಗಿ ನಿಲ್ಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಮಾಡಿತು.

ನ್ಯಾಯಾಂಗ ನಿಂದನೆಯದು ಬೇರೆಯೇ ಆಯುಧ. 1971ರ ಕಾಯ್ದೆಯಲ್ಲಿ ಆರು ತಿಂಗಳ ತನಕ ಸೆರೆಯಿದೆ, ಬೇಕೆಂದೇ ಆದೇಶ ಮೀರಿದ್ದು ಸಾಬೀತಾಗಬೇಕು. 2021ರಲ್ಲಿ ಸುಪ್ರೀಂ ಕೋರ್ಟು 2.60 ಕೋಟಿ ರೂಪಾಯಿ ಬಾಕಿ ಉಳಿಸಿದ ತಮಿಳುನಾಡಿನ ಒಬ್ಬನಿಗೆ ಮೂರು ತಿಂಗಳು ವಿಧಿಸಿತು. ಕೋಟಿಯವನಿಗೆ ಒಪ್ಪುವ ಆಯುಧ. ಅತಿಗೆ ಹೋದರೆ ಏನಾಗುತ್ತದೆಂದು ಅಮೆರಿಕ ತೋರಿಸಿದೆ. ವಿಚ್ಛೇದನದ ಜಗಳದಲ್ಲಿ 25 ಲಕ್ಷ ಡಾಲರು ಒಪ್ಪಿಸಲಿಲ್ಲವೆಂದು ಪೆನ್ಸಿಲ್ವೇನಿಯಾದ ವಕೀಲನೊಬ್ಬ 1995ರಿಂದ 2009ರ ತನಕ ಒಳಗಿದ್ದ. ಹದಿನಾಲ್ಕು ವರ್ಷ! ಹಣ ಹೊರಗೆ ಬರಲಿಲ್ಲ. ಸೌತ್ ಕೆರೊಲಿನಾದಲ್ಲಿ ಮಕ್ಕಳ ಪಾಲಿನ ಹಣ ಕಟ್ಟದ ಬಡವನೊಬ್ಬನಿಗೆ ಹನ್ನೆರಡು ತಿಂಗಳು ಬಿತ್ತು. ಅವನ ಹೆಸರಿನ 2011ರ ಟರ್ನರ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಟ್ಟುವ ತಾಕತ್ತು ಇದೆಯೇ ಎಂದು ವಿಚಾರಿಸದೆ ಒಳಗೆ ಹಾಕಿದ್ದು ತಪ್ಪು ಅಂದಿತು. ಜೇಲಿನ ಕೀಲಿ ಕೈದಿಯ ಕಿಸೆಯಲ್ಲೇ ಇದೆ ಎಂಬುದು ನಿಂದನೆಯ ಸೆರೆಯ ಹಳೆಯ ಸಮರ್ಥನೆ. ಕಿಸೆ ತಡಕಿ ನೋಡದೆ ಆ ಮಾತು ಆಡಬಾರದು.

ಇನ್ನು ಅಕ್ಕಲಕೋಟದ ಹೆಣ್ಣುಮಗಳಿಗೆ ಆ ಆಯುಧ ಎಟಕುತ್ತದೆಯೇ? ಕೆಳಗಿನ ಕೋರ್ಟಿನ ನಿಂದನೆಯನ್ನು ವಿಚಾರಿಸುವುದು ಹೈಕೋರ್ಟು. ಮುಂಬಯಿ ತನಕ ಹೋಗಬೇಕಿತ್ತು. 2025ರ ಆಗಸ್ಟಿನಲ್ಲಿ ಕೊಲ್ಹಾಪುರದಲ್ಲಿ ಪೀಠ ಶುರುವಾಗಿ ಸೊಲ್ಲಾಪುರ ಜಿಲ್ಲೆಯೂ ಅದಕ್ಕೆ ಸೇರಿತು. ಹತ್ತಿರವಾಯಿತು, ನಿಜ. ಆದರೂ ಈ ಜಿಲ್ಲೆಯ ಎಷ್ಟೋ ಹೆಂಗಸರು ಬೀಡಿ ಕಟ್ಟಿ ಬದುಕುವವರು, ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ತಾರೀಖಿಗೆ ಹೋದ ದಿನ ಮೊರದಲ್ಲಿ ಎಲೆ ಹಾಗೇ ಒಣಗುತ್ತದೆ.