ಕೃತಕ ಕೋಶ ಮಾತಾಡಿತೇ?

ಬೆಂಗಳೂರು ದಂಡು ಪ್ರದೇಶದ ಮರ್ಫಿ ಟೌನಿನಲ್ಲಿ ಒಬ್ಬರು ತಮಿಳಿನಲ್ಲಿ ಕೇಳಿದ್ದಕ್ಕೆ ಇನ್ನೊಬ್ಬರು ಕನ್ನಡದಲ್ಲಿ ಉತ್ತರಿಸುವುದುಂಟು. ಪರಸ್ಪರರ ನುಡಿ ತಿಳಿಯದಿದ್ದರೆ, ಎರಡನ್ನೂ ಬಲ್ಲ ಮೂರನೆಯವರು ತರ್ಜುಮೆ ಮಾಡುತ್ತಾರೆ. ಕೃತಕ ಕೋಶವೂ ಬ್ಯಾಕ್ಟೀರಿಯಕ್ಕೆ ಹೀಗೆಯೇ ರಾಸಾಯನಿಕ ಸಂದೇಶವನ್ನು ತರ್ಜುಮೆ ಮಾಡಿಕೊಡಬಲ್ಲುದೆಂದು 2014ರಲ್ಲಿ ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ಶೆರೆಫ್ ಮ್ಯಾನ್ಸಿ ಅವರ ತಂಡ ಪ್ರಕಟಿಸಿತು. ಈ ಹೋಲಿಕೆ ಎಷ್ಟರಮಟ್ಟಿಗೆ ಸರಿ?

ಪ್ರಯೋಗ ಹೀಗಿತ್ತು. ಉಬ್ಬಸದ ಔಷಧವಾದ ಥಿಯೋಫಿಲಿನ್, ಇ. ಕೋಲಿ ಬ್ಯಾಕ್ಟೀರಿಯಕ್ಕೆ ತಿಳಿಯದ ಸಂಕೇತ. ಇಲ್ಲಿನ ಕೃತಕ ಕೋಶವೆಂದರೆ ಲಿಪಿಡ್ ಪೊರೆಯ ಗುಳ್ಳೆ. ಅದರೊಳಗೆ ಡಿಎನ್‌ಎ, ಪ್ರೋಟೀನ್ ತಯಾರಿಕೆಯ ಸಾಮಗ್ರಿ ಮತ್ತು ಐಪಿಟಿಜಿ ಎಂಬ ರಾಸಾಯನಿಕ. ಥಿಯೋಫಿಲಿನ್ ಪೊರೆ ದಾಟಿ ಒಳಗಿನ ಆರ್‌ಎನ್‌ಎಗೆ ಅಂಟಿದಾಗ, ಪೊರೆಯಲ್ಲಿ ರಂಧ್ರ ಮಾಡುವ ಪ್ರೋಟೀನ್ ತಯಾರಾಗುತ್ತದೆ. ಐಪಿಟಿಜಿ ಹೊರಬೀಳುತ್ತದೆ. ಅದನ್ನು ಗುರುತಿಸಿದ ಇ. ಕೋಲಿ, ತನಗೆ ಮೊದಲೇ ಸೇರಿಸಿದ್ದ ಜೀನ್‌ನಿಂದ ಹಸಿರು ಹೊಳೆಯುವ ಪ್ರೋಟೀನನ್ನು ತಯಾರಿಸುತ್ತದೆ.

ಜಾಣ್ಮೆಯ ಕೆಲಸವೇ ಸರಿ. ಬ್ಯಾಕ್ಟೀರಿಯದ ಜೀನ್‌ಗಳನ್ನು ಮತ್ತೆ ಮಾರ್ಪಡಿಸದೆಯೇ ಅದಕ್ಕೆ ಹೊಸ ಸಂಕೇತವನ್ನು ತಲುಪಿಸಿದಂತಾಯಿತು. ಆದರೆ ಈ ತರ್ಜುಮೆಗಾರನ ಬಾಯಲ್ಲಿದ್ದುದು ಮೊದಲೇ ತುಂಬಿಟ್ಟ ಒಂದೇ ಮಾತು. ಅದು ಸೋರಿಹೋದ ಮೇಲೆ ಎರಡನೆಯ ಮಾತಿಲ್ಲ. ಪ್ರೋಟೀನ್ ತಯಾರಿಸಲು ಬೇಕಾದ ರೈಬೋಸೋಮ್‌ಗಳೂ ಜೀವಂತ ಬ್ಯಾಕ್ಟೀರಿಯದಿಂದ ಪಡೆದ ಎರವಲು.

2017ರಲ್ಲಿ ಇದೇ ತಂಡ ಈ ಕೊರತೆಯನ್ನು ಭಾಗಶಃ ನೀಗಿಸಿತು. ಆಗ ಕೃತಕ ಕೋಶಗಳು ವಿಬ್ರಿಯೊದಂಥ ಬ್ಯಾಕ್ಟೀರಿಯಗಳ ಸಂಕೇತ ಅಣುಗಳನ್ನು ಗ್ರಹಿಸಿದವು, ಅಂಥ ಅಣುಗಳನ್ನು ತಾವೇ ತಯಾರಿಸಿ ಕಳುಹಿಸಿದವು ಕೂಡ. ಬ್ಯಾಕ್ಟೀರಿಯಗಳನ್ನೇ ತೀರ್ಪುಗಾರರನ್ನಾಗಿಸಿ, ಕೃತಕ ಕೋಶ ಎಷ್ಟು ಜೀವಸದೃಶವೆಂದು ಅಳೆಯುವ ‘ಟ್ಯೂರಿಂಗ್ ಪರೀಕ್ಷೆ’ಯನ್ನೂ ತಂಡ ನಡೆಸಿತು. ನನ್ನ ಆಕ್ಷೇಪವಿರುವುದು ಇಲ್ಲಿ. ಈ ಪರೀಕ್ಷೆ ಅಳೆಯುವುದು ಸಂಕೇತದ ಹೋಲಿಕೆಯನ್ನು ಮಾತ್ರ. ಸಂಕೇತ ಕಳುಹಿಸುವ ಕೋಶ ತನ್ನನ್ನು ತಾನು ಪೋಷಿಸಿಕೊಳ್ಳುತ್ತದೆಯೇ, ವಿಭಜಿಸುತ್ತದೆಯೇ ಎಂಬುದನ್ನಲ್ಲ.

ನಮ್ಮೂರಿನದೇ ಉದಾಹರಣೆಯೊಂದಿಗೆ ಹೋಲಿಸಿ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಮಳೆ ಬಿದ್ದ ಮಣ್ಣಿನ ವಾಸನೆಯ ಜಿಯೋಸ್ಮಿನ್ ಅನ್ನು ಇ. ಕೋಲಿಯಿಂದಲೇ ತಯಾರಿಸಲು ಜೀನ್ ಸೇರಿಸಿದರು. ಅಲ್ಲಿ ಸಂದೇಶ ಕಳುಹಿಸುವುದು ಜೀವಂತ ಕೋಶ. ಆಹಾರ ಸಿಗುವವರೆಗೆ ಅದು ಬೆಳೆಯುತ್ತದೆ, ಮರಿಕೋಶಗಳಿಗೂ ಆ ಜೀನ್ ದಾಟಿಸಬಲ್ಲುದು. ಗುಳ್ಳೆಗೆ ಇದು ಸಾಧ್ಯವಿಲ್ಲ. ಹಾಗೆಂದು ಅದು ಕೊರತೆಯೇ ಆಗಬೇಕಿಲ್ಲ: ಔಷಧವನ್ನು ದೇಹದೊಳಗೆ ಒಯ್ಯುವ ಸಾಧನ ತಾನಾಗಿ ವೃದ್ಧಿಸದಿರುವುದೇ ಕ್ಷೇಮ.

ಆದ್ದರಿಂದ ತರಗತಿಯಲ್ಲಿ ‘ಕೋಶಗಳು ಮಾತಾಡುತ್ತವೆ’ ಎಂದು ಹೇಳುವ ಅಧ್ಯಾಪಕರು ಒಂದು ಪ್ರಶ್ನೆಯನ್ನೂ ಕೇಳಲಿ: ಆ ಮಾತನ್ನು ಕೋಶವೇ ತಯಾರಿಸಿತೇ, ನಾವು ತುಂಬಿಟ್ಟೆವೇ?