ಚಿನ್ನದ ಅಚ್ಚಿನ ಒಳಗೆ

ಹಳೆಯ ಪುಸ್ತಕ ಕೂಡಿಡುವವರ ಲೋಕದಲ್ಲಿ ಒಂದು ವಿಚಿತ್ರ ನ್ಯಾಯವಿದೆ. ಹಾಳೆಯ ಮಡಿಕೆ ಕತ್ತರಿಸದ, ಅಂದರೆ ಯಾರೂ ಓದದ ಪ್ರತಿಗೆ ಅಲ್ಲಿ ಎಷ್ಟೋ ಸಲ ಬೆಲೆ ಜಾಸ್ತಿ. ಬಟ್ಟೆಯ ರಟ್ಟು, ಚಿನ್ನದ ಅಚ್ಚು, ಮಾಸದ ಬೆನ್ನು ಇದ್ದರೆ ಸಾಕು. ಒಳಗೇನಿದೆ ಅಂತ ಕೇಳೋರು ಕಡಿಮೆ.

ಜೂಲ್ಸ್ ವರ್ನ್‌ನ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ ತೆಗೆದುಕೊಳ್ಳೋಣ. ಫ್ರೆಂಚಿನಲ್ಲಿ ಬಂದದ್ದು 1874-75ರಲ್ಲಿ. 1875ರಲ್ಲೇ ಲಂಡನ್ನಿನ ಸ್ಯಾಂಪ್ಸನ್ ಲೋ ಸಂಸ್ಥೆ ಇಂಗ್ಲಿಷಿಗೆ ತಂದಿತು. ಅನುವಾದಕನೆಂದು ಡಬ್ಲ್ಯು. ಎಚ್. ಜಿ. ಕಿಂಗ್‌ಸ್ಟನ್ ಹೆಸರಿದೆ, ಗೇಯ್ದವಳು ಹೆಂಡತಿ ಆಗ್ನೆಸ್. (ಹೆಣ್ಣಿನ ದುಡಿಮೆಗೆ ಗಂಡಿನ ಹೆಸರು ಹಾಕೋದು ನಮ್ಮೂರಿನ ಚಾಳಿ ಮಾತ್ರ ಅಲ್ಲ.) ಸಂಗ್ರಾಹಕರು ಹುಡುಕೋದು ಈ ಮುದ್ರಣವನ್ನೇ.

ಒಳಗೆ ನಡೆದ ಕೆಲಸ ನೋಡಿ. ನಾಟಿಲಸ್ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೊ ಬುಂದೇಲಖಂಡದ ರಾಜಕುಮಾರ ಡಕ್ಕಾರ್ ಅನ್ನೋದು ಕೊನೆಗೆ ತಿಳಿಯುತ್ತದೆ. ವರ್ನ್ ಅವನನ್ನು ಟಿಪ್ಪೂ ಸುಲ್ತಾನನ ಸೋದರಳಿಯ ಅಂತ ಬರೆದ. ಈ ವರಸೆ ಇತಿಹಾಸಕ್ಕೆ ಕೂಡಿಬರಲ್ಲ, ಇರಲಿ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬಿದ್ದವನ ಹೆಸರು 75 ವರ್ಷದ ಮೇಲೂ ಪ್ಯಾರಿಸ್ಸಿನ ಹುಡುಗರ ಕಥೆಯಲ್ಲಿ ಉಸಿರಾಡುತ್ತಿತ್ತು. ಫ್ರೆಂಚಿನಲ್ಲಿ 1857ರ ದಂಗೆಗೆ ಡಕ್ಕಾರನೇ ಜೀವ. ಇಂಗ್ಲಿಷಿಗೆ ಬಂದಾಗ? ಸ್ವಾರ್ಥಿ ರಾಜರು ಎತ್ತಿಕಟ್ಟಿದರಂತೆ, ಅಜ್ಞಾನ ಮೂಢನಂಬಿಕೆಯ ಜನ ಅವರ ಕೈಗೊಂಬೆಯಾದರಂತೆ, ದೇಶಕ್ಕೆ ಶಾಂತಿ ಸಮೃದ್ಧಿ ತಂದವರು ಇಂಗ್ಲಿಷರಂತೆ! ವರ್ನ್ ಆಡದ ಮಾತನ್ನು ಅವನ ಬಾಯಿಗೇ ತುರುಕಿದರು. ಎಂಜಿನಿಯರ್ ಸೈರಸ್ ಸ್ಮಿತ್ ಕೂಡ ಹಾರ್ಡಿಂಗ್ ಆದ. ಸ್ಮಿತ್ ಅಂದರೆ ಕಮ್ಮಾರ. ದ್ವೀಪದಲ್ಲಿ ಕಬ್ಬಿಣ ಕರಗಿಸುವವನಿಗೆ ಒಪ್ಪುವ ಹೆಸರು. ಯಾಕೆ ಕಿತ್ತರೋ! ಈ ಪಾಠವೇ ಮತ್ತೆ ಮತ್ತೆ ಅಚ್ಚಾಗಿ ತಲೆಮಾರುಗಳ ಕೈಸೇರಿತು. 2001ರಲ್ಲಿ ಸಿಡ್ನಿ ಕ್ರಾವಿಟ್ಜ್, ಜೋರ್ಡನ್ ಸ್ಟಂಪ್ ಬೇರೆಬೇರೆಯಾಗಿ ಹೊಸ ಅನುವಾದ ಮಾಡಿದರು.

ಹಾಗಂತ ವರ್ನ್‌ನನ್ನು ತಲೆಮೇಲೆ ಹೊರಬೇಕಿಲ್ಲ. ದಂಗೆ ಏಳೋಕೂ ಅವನಿಗೆ ರಾಜನ ಮಗನೇ ಬೇಕಾಯಿತು. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ನ್ಯಾಬ್ ಮೂಲದಲ್ಲೂ ಹಳೇ ಯಜಮಾನನ ಸೇವೆಯಲ್ಲೇ ಇದ್ದಾನೆ. ದ್ವೀಪದಲ್ಲಿ ಅಡಿಗೆ ಅವನದೇ. ಪಳಗಿಸಿದ ಒರಾಂಗುಟಾನ್ ಅವನ ಒಲೆಯ ಜೊತೆಗಾರ. ಹೊಸ ಸಮಾಜ ಕಟ್ಟುವಾಗಲೂ ಒಲೆ ಊದುವವನು ಯಾರು ಅಂತ ಮೊದಲೇ ಗೊತ್ತು! ಇದನ್ನು ತಿದ್ದಬೇಕು ಅಂತ ಕಿಂಗ್‌ಸ್ಟನ್ ದಂಪತಿಗಳಿಗೆ ಅನ್ನಿಸಲಿಲ್ಲ.

ಸಂಗ್ರಾಹಕರನ್ನು ನಾವು ಹಳಿಯುವುದಿಲ್ಲ. ಆ ಪ್ರತಿಗಳು ಉಳಿದದ್ದರಿಂದಲೇ ಈ ಕಳ್ಳತನಕ್ಕೆ ಸಾಕ್ಷಿ ಉಳಿದಿದೆ. ಮೇಷ್ಟರೇ, ಯಾವುದಾದರೂ ಗ್ರಂಥಾಲಯದಲ್ಲಿ ಈ ಕಾದಂಬರಿಯ ಹಳೇ ಇಂಗ್ಲಿಷ್ ಪ್ರತಿ ಸಿಕ್ಕರೆ ಎಂಜಿನಿಯರನ ಹೆಸರು ಹಾರ್ಡಿಂಗ್ ಅಂತಿದೆಯಾ ನೋಡಿ. ಇದ್ದರೆ ನೆಮೊನ ಪೂರ್ವಕಥೆಯ ಅಧ್ಯಾಯ ತೆಗೆದು, ಹೊಸ ಅನುವಾದದ ಪಕ್ಕ ಇಟ್ಟು ಹುಡುಗರಿಗೆ ಓದಿಸಿ.